ಎಕ್ಕದ ಹಾಲು ಮತ್ತು ಕಣ್ಣು: ಮನೆಮದ್ದಿಗೆ ಎಲೆ ಕೀಳುವ ಮುಂಚೆ

ಹೊಲದಲ್ಲಿ ನಮ್ಮ ಚಿಕ್ಕಪ್ಪನ ಕಾಲಿಗೆ ಜಾಲಿ ಮುಳ್ಳು ಚುಚ್ಚಿತು. ತುದಿ ಮುರಿದು ಒಳಗೇ ಉಳಿಯಿತು. ಬದುವಿನ ಮೇಲೆ ಎಕ್ಕದ ಗಿಡ ಇತ್ತು. ಒಂದು ಎಲೆ ಕಿತ್ತು, ಒಸರಿದ ಹಾಲನ್ನು ಮುಳ್ಳು ಹೊಕ್ಕ ಜಾಗಕ್ಕೆ ನಾಲ್ಕು ಹನಿ ಬಿಟ್ಟರು. ಹಾಲು ಬಿಟ್ಟರೆ ಮುಳ್ಳು ತಾನೇ ಮೇಲೆ ಬರುತ್ತದೆ ಅನ್ನೋದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಬಿಸಿಲು, ಬೆವರು ಬೇರೆ. ಅದೇ ಕೈಯಲ್ಲಿ ಹಣೆ ಒರೆಸಿಕೊಂಡರು, ಕಣ್ಣು ಉಜ್ಜಿಕೊಂಡರು.

ಸ್ವಲ್ಪ ಚುರುಗುಟ್ಟಿತಂತೆ. ಆಮೇಲೆ ಏನೂ ಇಲ್ಲ. "ಉರಿ ಇಲ್ಲ, ಏನಿಲ್ಲ, ಬಿಡೇ" ಅಂತ ಚಿಕ್ಕಮ್ಮನಿಗೆ ಹೇಳಿ, ಉಂಡು ಮಲಗಿದರು. ಸಂಜೆ ಎದ್ದು ಹಜಾರಕ್ಕೆ ಬಂದವರು ಬಲ್ಬ್ ನೋಡುತ್ತಾ ನಿಂತೇಬಿಟ್ಟರು. "ಲೈಟಿನ ಸುತ್ತ ಕಾಮನಬಿಲ್ಲು ಕಾಣ್ತದಲ್ಲೋ, ನಿಂಗೂ ಕಾಣ್ತದಾ?" ಅಂತ ನನ್ನನ್ನು ಕೇಳಿದರು. ಒಂದೊಂದೇ ಕಣ್ಣು ಮುಚ್ಚಿ ನೋಡಿ ಅಂದೆ. ಎಡಗಣ್ಣು ಮುಚ್ಚಿದಾಗ ಗೋಡೆ ಮೇಲಿನ ಕ್ಯಾಲೆಂಡರಿನ ದಪ್ಪ ಅಂಕಿಗಳೂ ಅವರಿಗೆ ಕಾಣಲಿಲ್ಲ. ಬರೀ ಮಂಜು.

ಎಕ್ಕದ ಹಾಲಿನ ಮೋಸ ಇರುವುದೇ ಇಲ್ಲಿ. ಮೆಣಸಿನಕಾಯಿ ಕೈ ಕಣ್ಣಿಗೆ ತಾಗಿದರೆ ಕುಣಿದಾಡಿಬಿಡುತ್ತೇವೆ, ಓಡಿ ಹೋಗಿ ತೊಳೆಯುತ್ತೇವೆ. ಎಕ್ಕದ ಹಾಲು ಅಷ್ಟು ಉರಿಸುವುದಿಲ್ಲ. ಕಣ್ಣಿನ ಮೇಲ್ಪದರವನ್ನು ಮರಗಟ್ಟಿಸಿ ಸುಮ್ಮನಾಗಿಸುತ್ತದೆ. ನೋವಿಲ್ಲ ಅಂತ ನಾವೂ ಸುಮ್ಮನಾಗುತ್ತೇವೆ. ಅಷ್ಟರಲ್ಲಿ ಅದು ಒಳಗೆ ತನ್ನ ಕೆಲಸ ಮಾಡುತ್ತಿರುತ್ತದೆ.

ಇದನ್ನು ಓದುವ ಹೊತ್ತಿಗೆ ಯಾರ ಕಣ್ಣಿಗಾದರೂ ಹಾಲು ಬಿದ್ದಿದ್ದರೆ, ಉಳಿದದ್ದನ್ನೆಲ್ಲ ಬಿಟ್ಟು ನೇರವಾಗಿ ನಾಲ್ಕನೇ ಹೆಜ್ಜೆಗೆ ಹೋಗಿ.

ಹೆಜ್ಜೆ 1: ಗಿಡ ಗುರುತಿಸಿ

ಹಳ್ಳಿಯವರಿಗೆ ಇದನ್ನು ಹೇಳಬೇಕಾಗಿಲ್ಲ. ಪಾಳು ಬಿದ್ದ ಜಾಗದಲ್ಲಿ ಮೊದಲು ಹುಟ್ಟುವುದೇ ಎಕ್ಕ. "ನಿನ್ ಮನೆ ಎಕ್ಕುಟ್ಟೋಗ" ಅಂತ ಬೈಯುವಾಗ ನಾವು ಹೇಳುವುದೂ ಇದೇ ಗಿಡದ ಹೆಸರು. ಆದರೆ ಪೇಟೆಯಲ್ಲಿ ಬೆಳೆದ ಮಕ್ಕಳಿಗೆ, ಅಪಾರ್ಟ್‌ಮೆಂಟಿನ ಪಕ್ಕದ ಖಾಲಿ ಸೈಟಿನಲ್ಲಿ ಮಾತ್ರ ಇದನ್ನು ನೋಡಿದವರಿಗೆ ಗುರುತು ಬೇಕು.

ಆಳೆತ್ತರ ಬೆಳೆಯುವ ಪೊದೆ. ಎಲೆ ಅಂಗೈಗಿಂತ ದೊಡ್ಡದು, ದಪ್ಪ, ಬೂದಿ ಬಳಿದಂಥ ಹಸಿರು. ತೊಟ್ಟು ಇದ್ದೂ ಇಲ್ಲದ ಹಾಗೆ, ಎಲೆಗಳು ಜೋಡಿ ಜೋಡಿಯಾಗಿ ಕಾಂಡಕ್ಕೇ ಅಂಟಿಕೊಂಡಿರುತ್ತವೆ. ಹೂವು ಮೇಣದಲ್ಲಿ ಮಾಡಿದಂತೆ, ನಡುವೆ ಪುಟ್ಟ ಕಿರೀಟ. ಕಾಯಿ ಒಡೆದರೆ ರೇಷ್ಮೆಯಂಥ ಎಳೆ ಕಟ್ಟಿಕೊಂಡ ಬೀಜಗಳು ಗಾಳಿಗೆ ಹಾರುತ್ತವೆ. ಎಲ್ಲಿ ಮುರಿದರೂ ಬಿಳಿ ಹಾಲು.

ನಮ್ಮಲ್ಲಿ ಎರಡು ಜಾತಿ ಇವೆ. ದೊಡ್ಡ ಎಕ್ಕ, ಅಂದರೆ ಕ್ಯಾಲೊಟ್ರಾಪಿಸ್ ಜೈಗ್ಯಾಂಟಿಯಾ; ಇದರ ಹೂವು ನೇರಳೆ ಅಥವಾ ಬಿಳಿ, ಎಸಳು ಚಪ್ಪಟೆಯಾಗಿ ಹರಡಿರುತ್ತವೆ. ಇನ್ನೊಂದು ಸ್ವಲ್ಪ ಚಿಕ್ಕದು, ಕ್ಯಾಲೊಟ್ರಾಪಿಸ್ ಪ್ರೊಸೆರಾ. ಇದರ ಬಿಳಿ ಎಸಳಿನ ತುದಿಗೆ ನೇರಳೆ ಬಣ್ಣ. ಬಿಳಿ ಎಕ್ಕ ದೇವರದ್ದು, ಅದಕ್ಕೆ ವಿಷ ಇಲ್ಲ ಅಂತ ನಂಬಿದವರು ಬಹಳ ಜನ. ಪೂಜೆಗೆ ಶ್ರೇಷ್ಠ ಇರಬಹುದು. ಹಾಲು ಮಾತ್ರ ಎಲ್ಲದರದ್ದೂ ಒಂದೇ ಗುಣ.

ಹೆಜ್ಜೆ 2: ಹಾಲಿನಲ್ಲಿ ಏನಿದೆ ಅಂತ ತಿಳಿದುಕೊಳ್ಳಿ

"ಆಯುರ್ವೇದದಲ್ಲೇ ಇದೆ" ಅಂತ ಹೇಳುವವರಿಗೆ ಒಂದು ಮಾತು. ಆಯುರ್ವೇದದಲ್ಲಿ ಇದೆ, ನಿಜ. ಆದರೆ ಅದನ್ನು ಯಾವ ಪಟ್ಟಿಯಲ್ಲಿ ಇಟ್ಟಿದ್ದಾರೆ ಗೊತ್ತಾ? ಏಳು ಉಪವಿಷಗಳನ್ನು ಹೇಳುವ ಹಳೇ ಶ್ಲೋಕದಲ್ಲಿ ಮೊದಲ ಹೆಸರೇ ಅರ್ಕ, ಅಂದರೆ ಎಕ್ಕ. ಕಳ್ಳಿ ಹಾಲು, ದತ್ತೂರ, ಕಣಗಿಲೆ, ಗುಲಗಂಜಿ, ಅಫೀಮು ಎಲ್ಲ ಅದರ ಜೊತೆಗಾರರು. ಹಿಂದಿನವರು ಇದನ್ನು ವಿಷ ಅಂತ ತಿಳಿದೇ, ಶುದ್ಧಿ ಮಾಡಿ, ಅಳತೆ ಹಿಡಿದು ಕೊಡುತ್ತಿದ್ದರು. ನಾವು ಆ ಶುದ್ಧಿ, ಅಳತೆ ಎರಡನ್ನೂ ಬಿಟ್ಟು ಬರೀ ಎಲೆ ಹಿಡಿದುಕೊಂಡಿದ್ದೇವೆ.

ಹಾಲಿನಲ್ಲಿ ಮುಖ್ಯವಾಗಿ ಎರಡು ಬಗೆಯ ವಸ್ತುಗಳಿವೆ. ಒಂದು, ಮಾಂಸವನ್ನು ಕರಗಿಸುವ ಕಿಣ್ವಗಳು. ಚರ್ಮದಲ್ಲಿ ಗುಳ್ಳೆ ಏಳುವುದರಲ್ಲಿ, ಬಾಯಿ ಹುಣ್ಣಾಗುವುದರಲ್ಲಿ ಇವುಗಳ ಪಾಲು ದೊಡ್ಡದು. ಇನ್ನೊಂದು ಕ್ಯಾಲೊಟ್ರಾಪಿನ್, ಉಶಾರಿನ್ ಥರದ ವಸ್ತುಗಳು. ಇವು ಕಣಗಿಲೆಯ ವಿಷದ ಬಳಗಕ್ಕೇ ಸೇರಿದವು; ಹೃದಯದ ಕಾಯಿಲೆಗೆ ಕೊಡುವ ಡಿಗಾಕ್ಸಿನ್ ಮಾತ್ರೆಯೂ ಇದೇ ಬಳಗದ್ದು. ಎಕ್ಕವೂ ಕಣಗಿಲೆಯೂ ಸಸ್ಯಶಾಸ್ತ್ರದಲ್ಲಿ ಒಂದೇ ಕುಟುಂಬ.

ಕಣ್ಣಿನಲ್ಲಿ ಆಗುವುದು ಏನು? ಕಪ್ಪುಗುಡ್ಡೆಯ ಮುಂದೆ ಗಾಜಿನಂಥ ಒಂದು ಪದರ ಇದೆ, ಕಾರ್ನಿಯಾ. ಅದರ ಒಳಮೈಯಲ್ಲಿ ಒಂದೇ ಒಂದು ಸಾಲು ಜೀವಕೋಶಗಳು ಹಗಲು ರಾತ್ರಿ ಪಂಪ್ ಹೊಡೆದು ನೀರನ್ನು ಹೊರಗೆ ಹಾಕುತ್ತಿರುತ್ತವೆ. ಅದಕ್ಕೇ ಕಾರ್ನಿಯಾ ತಿಳಿಯಾಗಿರುವುದು. ಎಕ್ಕದ ಹಾಲು ಒಳಗಿಳಿದರೆ ಆ ಪಂಪನ್ನು ತಡೆಯುತ್ತದೆ. ಕಾರ್ನಿಯಾ ನೀರು ಕುಡಿದು ಊದಿಕೊಳ್ಳುತ್ತದೆ. ಆಗಲೇ ಮಂಜು, ಆಗಲೇ ದೀಪದ ಸುತ್ತ ಬಣ್ಣದ ಬಳೆ. ಬೇಗ ಚಿಕಿತ್ಸೆ ಸಿಕ್ಕರೆ ಜಾಸ್ತಿ ಜನರಿಗೆ ದೃಷ್ಟಿ ವಾಪಸ್ ಬರುತ್ತದೆ. ಆದರೆ ಆ ಸಾಲಿನಲ್ಲಿ ಸತ್ತ ಜೀವಕೋಶದ ಜಾಗಕ್ಕೆ ಹೊಸದು ಹುಟ್ಟುವುದಿಲ್ಲ. ಉಳಿದವು ಹಿಗ್ಗಿ ಜಾಗ ತುಂಬುತ್ತವೆ, ಅಷ್ಟೇ.

ಹೆಜ್ಜೆ 3: ಯಾವ ಮದ್ದು ಬಿಡಬೇಕು, ಮುಟ್ಟಲೇಬೇಕಾದರೆ ಹೇಗೆ

ಮುಳ್ಳು ತೆಗೆಯೋಕೆ ಹಾಲು ಬೇಡ. ಕಾಲು ಸೋಪಿನಲ್ಲಿ ತೊಳೆದು, ಸೂಜಿಯನ್ನು ನೀರಿನಲ್ಲಿ ಕುದಿಸಿ, ಬೆಳಕಿನಲ್ಲಿ ಕೂತು ತೆಗೆಯಿರಿ. ಬರದಿದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ, ಹೇಗಿದ್ದರೂ ಧನುರ್ವಾಯು ತಡೆಯುವ ಇಂಜೆಕ್ಷನ್ ಬಗ್ಗೆ ಕೇಳಬೇಕಲ್ಲ. ಚಿಕ್ಕಪ್ಪನ ಮುಳ್ಳು ಕೊನೆಗೂ ಬಂದದ್ದು ನರ್ಸಮ್ಮನ ಸೂಜಿಗೆ.

ಹಲ್ಲುನೋವಿಗೆ ಹತ್ತಿಯಲ್ಲಿ ಅದ್ದಿ ಇಡುವುದು ಇನ್ನೂ ಕೆಟ್ಟದ್ದು. ನೋವು ಕಮ್ಮಿಯಾದಂತೆ ಅನಿಸಬಹುದು, ಮರಗಟ್ಟಿಸುವ ಗುಣ ಇದೆಯಲ್ಲ. ಆದರೆ ಒಸಡು, ಕೆನ್ನೆಯ ಒಳಭಾಗ ಸುಡುತ್ತದೆ, ಜೊಲ್ಲಿನ ಜೊತೆ ಹಾಲು ಹೊಟ್ಟೆಗೂ ಇಳಿಯುತ್ತದೆ. ಹುಳುಕು ಹಲ್ಲು ಹುಳುಕಾಗಿಯೇ ಇರುತ್ತದೆ. ನರೂಲಿಗೆ, ಹುಳುಕಡ್ಡಿಗೆ ಹಾಲು ಹಚ್ಚಿ ಸುತ್ತಲಿನ ಒಳ್ಳೇ ಚರ್ಮವನ್ನೂ ಸುಟ್ಟುಕೊಂಡವರನ್ನು ಯಾವ ಚರ್ಮದ ಡಾಕ್ಟರನ್ನು ಕೇಳಿದರೂ ಹೇಳುತ್ತಾರೆ. ಚೇಳು ಕಡಿದಾಗ ಇದನ್ನು ಹಚ್ಚಿ ಕೂತರೆ ಹೋಗುವುದು ಹೊತ್ತು. ಕೆಂಪು ಚೇಳಾದರೆ ಆ ಹೊತ್ತೇ ಮುಖ್ಯ, ಅದಕ್ಕೆ ಆಸ್ಪತ್ರೆಯಲ್ಲಿ ಒಳ್ಳೆಯ ಮಾತ್ರೆ ಇದೆ.

ಮಂಡಿನೋವಿಗೆ ಎಲೆಗೆ ಎಣ್ಣೆ ಸವರಿ ಬಿಸಿ ಮಾಡಿ ಕಟ್ಟುವುದನ್ನು ಬಿಡಿ ಅಂದರೆ ಅಜ್ಜಿಯಂದಿರು ನನ್ನ ಮೇಲೆ ಸಿಟ್ಟಾಗುತ್ತಾರೆ, ಗೊತ್ತು. ಬಿಸಿಯಿಂದ ಹಿತ ಆಗುತ್ತದೆ, ಅದು ಸುಳ್ಳಲ್ಲ. ಆದರೆ ಆ ಹಿತ ಬಿಸಿನೀರಿನ ಚೀಲದಿಂದಲೂ ಬರುತ್ತದೆ, ಅಲ್ವಾ? ರಾತ್ರಿಯಿಡೀ ಎಲೆ ಕಟ್ಟಿ ಮಲಗಿದರೆ ವಯಸ್ಸಾದವರ ತೆಳು ಚರ್ಮದಲ್ಲಿ ಬೆಳಗ್ಗೆ ಮಂಡಿ ತುಂಬ ನೀರುಗುಳ್ಳೆ ಸುಲಭವಾಗಿ ಎದ್ದುಬಿಡುತ್ತವೆ.

ನನಗೆ ಜಾಸ್ತಿ ಹೆದರಿಕೆ ಹುಟ್ಟಿಸುವುದು ವಾಟ್ಸಾಪಿನಲ್ಲಿ ಸುತ್ತುವ ಸಕ್ಕರೆ ಕಾಯಿಲೆಯ ಮದ್ದು. ಎಕ್ಕದ ಎಲೆಯನ್ನು ಅಂಗಾಲಿಗೆ ಇಟ್ಟು, ಮೇಲೆ ಸಾಕ್ಸ್ ಹಾಕಿಕೊಂಡು ದಿನವಿಡೀ ಓಡಾಡಬೇಕಂತೆ, ಶುಗರ್ ಇಳಿಯುತ್ತದಂತೆ. ಬಹಳ ವರ್ಷ ಸಕ್ಕರೆ ಕಾಯಿಲೆ ಇದ್ದವರ ಅಂಗಾಲಿಗೆ ಸ್ಪರ್ಶವೇ ಕಮ್ಮಿ. ಕಲ್ಲು ಚುಚ್ಚಿದರೂ ಗೊತ್ತಾಗುವುದಿಲ್ಲ. ಅಂಥ ಕಾಲಿಗೆ ಸುಡುವ ಎಲೆಯನ್ನು ಬೆವರಿನ ಸಾಕ್ಸಿನೊಳಗೆ ಕಟ್ಟಿದರೆ ಗುಳ್ಳೆ ಎದ್ದದ್ದು, ಒಡೆದದ್ದು, ಕೀವಾದದ್ದು ಯಾವುದೂ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆಯವರು ಕಾಲು ಕಳೆದುಕೊಳ್ಳುವುದು ಇಂಥ ಹುಣ್ಣುಗಳಿಂದಲೇ. ಈ ಮೆಸೇಜ್ ನಿಮ್ಮ ಮನೆಯ ಗುಂಪಿಗೆ ಬಂದಿದ್ದರೆ, ಹಿರಿಯರು ಅಂತ ಸಂಕೋಚ ಪಡದೆ ಹೇಳಿ.

ದಮ್ಮಿಗೆ ಹೂವು, ಮೂಲವ್ಯಾಧಿಗೆ ಹಾಲು, ಹೊಟ್ಟೆನೋವಿಗೆ ಬೇರು ಅಂತ ಹೊಟ್ಟೆಗೆ ತೆಗೆದುಕೊಳ್ಳುವ ಯಾವುದನ್ನೂ ಮನೆಯಲ್ಲಿ ಮಾಡಬೇಡಿ. ಒಂದು ಗಿಡದ ಹಾಲಿನಲ್ಲಿ ವಿಷ ಎಷ್ಟಿದೆ ಅನ್ನೋದು ಮಣ್ಣು, ಮಳೆ, ಎಲೆಯ ಪ್ರಾಯದ ಮೇಲೆ ಬದಲಾಗುತ್ತದೆ. ಮೂರು ಹನಿ, ಐದು ಹನಿ ಅನ್ನುವ ಲೆಕ್ಕಕ್ಕೆ ಅರ್ಥವೇ ಇಲ್ಲ. ಹಿಂದೆ ಕದ್ದುಮುಚ್ಚಿ ಗರ್ಭ ಇಳಿಸುವವರು ಎಕ್ಕದ ಹಾಲು ಬಳಸಿ ಹೆಂಗಸರ ಜೀವಕ್ಕೆ ಕುತ್ತು ತಂದದ್ದು ನಮ್ಮ ನ್ಯಾಯವೈದ್ಯಕೀಯ ಪಠ್ಯಪುಸ್ತಕಗಳಲ್ಲೇ ಇದೆ. ಬೇಡದ ಗರ್ಭಕ್ಕೆ 1971ರ ಕಾಯ್ದೆಯಲ್ಲೇ ಕಾನೂನಿನ ದಾರಿ ಇದೆ, ಸರ್ಕಾರಿ ಆಸ್ಪತ್ರೆಯಲ್ಲೇ ಕೇಳಬಹುದು.

ಇನ್ನು ಮುಟ್ಟಲೇಬೇಕಾದ ಸಂದರ್ಭ. ರಥಸಪ್ತಮಿ ದಿನ ತಲೆ, ಭುಜ, ಮಂಡಿ, ಪಾದದ ಮೇಲೆ ಎಕ್ಕದ ಎಲೆ ಇಟ್ಟುಕೊಂಡು ಸ್ನಾನ ಮಾಡುವ ಪದ್ಧತಿ ನಮ್ಮ ಮನೆಯಲ್ಲೂ ಇದೆ. ಅದನ್ನು ಬಿಡಿ ಅನ್ನುತ್ತಿಲ್ಲ. ಆದರೆ ತಲೆಯ ಮೇಲೆ ಆಗಷ್ಟೇ ಕಿತ್ತ ಎಲೆ, ಅದರ ಮೇಲೆ ಒಂದು ಚೊಂಬು ನೀರು, ಕೆಳಗೆ ಮಗುವಿನ ಕಣ್ಣು. ಯೋಚಿಸಿ ನೋಡಿ. ನಾವು ಈಗ ಹೀಗೆ ಮಾಡುತ್ತೇವೆ: ಎಲೆ ಹಿಂದಿನ ಸಂಜೆಯೇ ಕೀಳುತ್ತೇವೆ. ಮುರಿದ ತುದಿ ಕೆಳಗೆ ಮಾಡಿ ಹಳೇ ಪೇಪರಿನ ಮೇಲೆ ಹಾಲು ಸೋರಲು ಬಿಡುತ್ತೇವೆ. ಬೆಳಗ್ಗೆ ಎರಡು ಸಲ ನೀರಿನಲ್ಲಿ ತೊಳೆದು ಒರೆಸುತ್ತೇವೆ. ಎಲೆಯನ್ನು ಮತ್ತೆ ಹರಿಯುವುದಾಗಲಿ ಮಡಿಸುವುದಾಗಲಿ ಮಾಡುವುದಿಲ್ಲ, ಹೊಸ ಗಾಯದಲ್ಲಿ ಮತ್ತೆ ಹಾಲು ಬರುತ್ತದೆ. ತಲೆಯ ಎಲೆಯ ಮುರಿದ ತುದಿ ಬೆನ್ನಿನ ಕಡೆ. ನೀರು ಹಾಕುವಾಗ ಕಣ್ಣು ಮುಚ್ಚಿ, ತಲೆ ಸ್ವಲ್ಪ ಹಿಂದಕ್ಕೆ. ಚಿಕ್ಕ ಮಕ್ಕಳಿಗೆ ತಲೆ ಬಿಟ್ಟು ಭುಜದ ಮೇಲೆ ಮಾತ್ರ. ಅತ್ತೆ ಮೊದಲ ವರ್ಷ ಗೊಣಗಿದರು, ಈಗ ಪೇಪರ್ ಹಾಸುವುದು ಅವರೇ.

ಆಂಜನೇಯನಿಗೆ ಹಾರ ಕಟ್ಟುವವರು, ಗಣಪತಿಗೆ ಬಿಳಿ ಎಕ್ಕ ಕೊಯ್ಯುವವರು ಕೆಲಸ ಮುಗಿದ ತಕ್ಷಣ ಸೋಪು ಹಾಕಿ ಕೈ ತೊಳೆಯಿರಿ, ಉಗುರಿನ ಸಂದಿಯೂ ಸೇರಿ. ಬರೀ ನೀರಿಗೆ ಆ ಅಂಟು ಹೋಗುವುದಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಹೂವು ಮುಟ್ಟಿದ ಕೈಯಲ್ಲಿ ಲೆನ್ಸ್ ತೆಗೆಯಲೇಬಾರದು. ಮೊಗ್ಗನ್ನು ಒತ್ತಿ ಟಪ್ ಅನ್ನಿಸುವ ಆಟ ನಾವೆಲ್ಲ ಆಡಿದ್ದೇವೆ. ಮಕ್ಕಳಿಗೆ ಅದನ್ನು ಕಲಿಸಿಕೊಡಬೇಡಿ. ಗಿಡ ಕಡಿಯುವವರಿಗೆ ಕನ್ನಡಕ ಬೇಕೇ ಬೇಕು, ಮಚ್ಚು ಬಿದ್ದಾಗ ಹಾಲು ಸಿಡಿಯುವುದು ಮುಖದ ಎತ್ತರಕ್ಕೇ. ಸಾವಯವ ಕೃಷಿಕರು ಕೀಟ ಓಡಿಸುವ ದಶಪರ್ಣಿ ಕಷಾಯಕ್ಕೆ ಎಕ್ಕ ಜಜ್ಜುವಾಗಲೂ ಹೀಗೇ.

ಹೆಜ್ಜೆ 4: ಕಣ್ಣಿಗೆ ಬಿದ್ದೇಬಿಟ್ಟರೆ

ತೊಳೆಯಿರಿ. ಈಗಲೇ, ಇದ್ದ ಜಾಗದಲ್ಲೇ. ಮೊದಲು ಕೈಗೆ ಸೋಪು ಹಾಕಿ, ಇಲ್ಲದಿದ್ದರೆ ಕೈಯಲ್ಲಿರುವ ಹಾಲೂ ಕಣ್ಣಿಗೆ ಹೋಗುತ್ತದೆ. ಸೋಪು ಹತ್ತಿರ ಇಲ್ಲದಿದ್ದರೆ ಅದಕ್ಕಾಗಿ ಕಾಯಬೇಡಿ, ಬೇರೆಯವರು ನೀರು ಹಾಕಲಿ.

ತಲೆಯನ್ನು ಬಾಧೆಯಾದ ಕಣ್ಣಿನ ಕಡೆಗೆ ವಾಲಿಸಿ. ಬಲಗಣ್ಣಿಗೆ ಬಿದ್ದಿದ್ದರೆ ಬಲಕ್ಕೆ. ನೀರು ಮೂಗಿನ ಕಡೆಯಿಂದ ಕಿವಿಯ ಕಡೆ ಹರಿಯಬೇಕು, ಒಂದು ಕಣ್ಣಿನ ಹಾಲು ಇನ್ನೊಂದಕ್ಕೆ ಹೋಗಬಾರದು. ರೆಪ್ಪೆಗಳನ್ನು ಎರಡು ಬೆರಳಿನಲ್ಲಿ ಅಗಲಿಸಿ ಹಿಡಿಯಿರಿ. ಕುಡಿಯುವ ನೀರಿನ ಬಾಟಲಿ, ಚೊಂಬು, ನಿಧಾನವಾಗಿ ಬಿಟ್ಟ ನಲ್ಲಿ, ಯಾವುದಾದರೂ ಸರಿ. ಕಣ್ಣನ್ನು ಮೇಲೆ ಕೆಳಗೆ ಆಚೆ ಈಚೆ ತಿರುಗಿಸುತ್ತಿರಲಿ. ಲೆನ್ಸ್ ಇದ್ದರೆ ತೆಗೆಯಿರಿ.

ಎಷ್ಟು ಹೊತ್ತು? ಹದಿನೈದರಿಂದ ಇಪ್ಪತ್ತು ನಿಮಿಷ. ಗಡಿಯಾರ ನೋಡಿಯೇ ತೊಳೆಯಿರಿ. ಎರಡು ನಿಮಿಷಕ್ಕೇ "ಸಾಕಪ್ಪಾ, ಈಗ ಸರಿಯಾಯ್ತು" ಅನ್ನುತ್ತಾರೆ. ಕೇಳಬೇಡಿ.

ಕಣ್ಣಿಗೆ ಬೇರೆ ಏನನ್ನೂ ಹಾಕಬೇಡಿ. ತಾಯಿಹಾಲು ಬೇಡ, ಹರಳೆಣ್ಣೆ ಬೇಡ, ತುಪ್ಪ ಬೇಡ. ನಂದಿಬಟ್ಟಲು ರಸವಂತೂ ಬೇಡವೇ ಬೇಡ, ಅದೂ ಹಾಲು ಬರುವ ಗಿಡವೇ. ಮಾವನ ಪೊರೆ ಆಪರೇಷನ್ನಿಗೆ ತಂದು ಉಳಿದ ಡ್ರಾಪ್ಸ್ ಕೂಡ ಬೇಡ. ಊತ ಇಳಿಸಲು ಡಾಕ್ಟರು ಕೊಡುವುದು ಸಾಮಾನ್ಯವಾಗಿ ಸ್ಟಿರಾಯ್ಡ್ ಡ್ರಾಪ್ಸೇ, ನಿಜ. ಆದರೆ ಕಣ್ಣಲ್ಲಿ ಸೋಂಕು ಇದ್ದರೆ ಅದೇ ಡ್ರಾಪ್ಸ್ ಕಣ್ಣು ಕಳೆಯುತ್ತದೆ, ಕಣ್ಣಿನ ಒತ್ತಡವನ್ನೂ ಏರಿಸಬಹುದು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಔಷಧಿ ಅದಲ್ಲ.

ತೊಳೆದ ಮೇಲೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ನೋವಿಲ್ಲದಿದ್ದರೂ, ಸರಿಯಾಗಿ ಕಾಣುತ್ತಿದ್ದರೂ ಹೋಗಿ. ಮಂಜು ಕೆಲವು ಗಂಟೆ ಬಿಟ್ಟು ಬರಬಹುದು. ಜಿಲ್ಲಾ ಆಸ್ಪತ್ರೆಗಳಲ್ಲಿ ಕಣ್ಣಿನ ವಿಭಾಗ ಇದೆ, ಬೆಂಗಳೂರಿನವರಿಗೆ ಸರ್ಕಾರದ ಮಿಂಟೋ ಕಣ್ಣಾಸ್ಪತ್ರೆ ಇದೆ. ಅಲ್ಲಿ "ಕಣ್ಣಿಗೆ ಏನೋ ಬಿತ್ತು" ಅನ್ನಬೇಡಿ. "ಎಕ್ಕದ ಹಾಲು ಬಿತ್ತು, ಇಷ್ಟು ಗಂಟೆಗೆ, ಇಷ್ಟು ಹೊತ್ತು ತೊಳೆದಿದ್ದೇವೆ" ಅಂತ ಹೇಳಿ. ಅವರು ಸ್ಲಿಟ್ ಲ್ಯಾಂಪ್ ಅನ್ನುವ, ಕಣ್ಣನ್ನು ದೊಡ್ಡದಾಗಿ ತೋರಿಸುವ ಯಂತ್ರದಲ್ಲಿ ಕಾರ್ನಿಯಾ ನೋಡುತ್ತಾರೆ, ಬಣ್ಣದ ಹನಿ ಹಾಕಿ ಗಾಯ ಹುಡುಕುತ್ತಾರೆ, ಒತ್ತಡ ಅಳೆಯುತ್ತಾರೆ.

ಚಿಕ್ಕಪ್ಪನನ್ನು ನಾವು ಕರೆದುಕೊಂಡು ಹೋದದ್ದು ಮರುದಿನ ಬೆಳಗ್ಗೆ. ತೊಳೆದಿರಲೇ ಇಲ್ಲ. ಡಾಕ್ಟರು ಟಾರ್ಚ್ ಬಿಟ್ಟು ನೋಡಿ ಮೊದಲು ಕೇಳಿದ್ದೇ "ಎಕ್ಕವೋ ಕಳ್ಳಿಯೋ?" ಅಂತ. ಗಂಟೆಗೊಂದು ಸಲ ಡ್ರಾಪ್ಸ್, ಎರಡು ದಿನಕ್ಕೊಮ್ಮೆ ಬಸ್ಸು ಹತ್ತಿ ಆಸ್ಪತ್ರೆಗೆ. ಹನ್ನೊಂದನೇ ದಿನ ಕ್ಯಾಲೆಂಡರಿನ ಅಂಕಿ ಕಂಡಿತು. ಕಳ್ಳಿ ಹಾಲು ಬಿದ್ದಿದ್ದರೂ ತೊಳೆಯುವ ಕ್ರಮ ಇದೇ.

ಹೆಜ್ಜೆ 5: ಚರ್ಮಕ್ಕೆ ತಾಗಿದರೆ

ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಬಟ್ಟೆಗೆ ಆಗಿದ್ದರೆ ಬದಲಾಯಿಸಿ. ಗುಳ್ಳೆ ಎದ್ದರೆ ಒಡೆಯಬೇಡಿ. ದೊಡ್ಡ ಗುಳ್ಳೆ, ಮುಖ, ಗುಪ್ತಾಂಗ, ಸಕ್ಕರೆ ಕಾಯಿಲೆಯವರ ಕಾಲು, ಇವಕ್ಕೆಲ್ಲ ಡಾಕ್ಟರೇ ಬೇಕು.

ಹೆಜ್ಜೆ 6: ಅಂಗಡಿಯಿಂದ ತರುವ ಔಷಧಿಯ ಲೇಬಲ್ ಓದಿ

ಎಕ್ಕ ಸೇರಿದ ಆಯುರ್ವೇದ ಔಷಧಿಗಳು ಅಂಗಡಿಯಲ್ಲೂ ಸಿಗುತ್ತವೆ. ಲೇಬಲ್ಲಿನಲ್ಲಿ ಎಕ್ಕ ಅಂತ ಇರುವುದಿಲ್ಲ, ಅರ್ಕ ಅಂತ ಇರುತ್ತದೆ. ಭಟ್ಟಿ ಇಳಿಸಿದ ನೀರಿಗೂ ಅರ್ಕ ಅನ್ನುತ್ತಾರೆ, ಗೊಂದಲ ಆದರೆ ಸಸ್ಯದ ಹೆಸರು ಕ್ಯಾಲೊಟ್ರಾಪಿಸ್ ಇದೆಯಾ ನೋಡಿ. 1945ರ ಔಷಧ ನಿಯಮಗಳ ಶೆಡ್ಯೂಲ್ ಇ(1) ಅನ್ನುವ ವಿಷವಸ್ತುಗಳ ಪಟ್ಟಿಯಲ್ಲಿ ಎಕ್ಕವೂ ಇದೆ. ಆ ಪಟ್ಟಿಯ ವಸ್ತು ಇರುವ, ಹೊಟ್ಟೆಗೆ ತೆಗೆದುಕೊಳ್ಳುವ ಔಷಧಿಯ ಮೇಲೆ ವೈದ್ಯರ ನಿಗಾದಲ್ಲೇ ಸೇವಿಸಬೇಕು ಅನ್ನುವ ಎಚ್ಚರಿಕೆಯನ್ನು ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಹಾಕಲೇಬೇಕು. ಕನ್ನಡದಲ್ಲಿ ಹಾಕಬೇಕು ಅಂತ ನಿಯಮದಲ್ಲಿ ಇಲ್ಲದಿರುವುದು ನನಗೆ ಬೇಜಾರಿನ ಸಂಗತಿ. ಲೇಬಲ್ಲೇ ಇಲ್ಲದ, ಪೊಟ್ಟಣ ಕಟ್ಟಿ ಕೊಡುವ ಪುಡಿ ಮುಟ್ಟಬೇಡಿ. ಬಸುರಿ ಹೆಂಗಸರು, ಮಕ್ಕಳು, ಹೃದಯದ ಮಾತ್ರೆ ತಿನ್ನುವವರು, ಅದರಲ್ಲೂ ಡಿಗಾಕ್ಸಿನ್ ತೆಗೆದುಕೊಳ್ಳುವವರು ಇದರಿಂದ ದೂರ ಇರಬೇಕು.

ಹೆಜ್ಜೆ 7: ಹೊಟ್ಟೆಗೆ ಹೋಗಿದ್ದರೆ

ಬಾಯಿ ಗಂಟಲು ಉರಿ, ಜೊಲ್ಲು, ವಾಂತಿ, ಭೇದಿ ಮೊದಲು ಬರುತ್ತವೆ. ಜಾಸ್ತಿ ಹೋಗಿದ್ದರೆ ನಾಡಿ ನಿಧಾನ ಆಗುವುದು, ತಾಳ ತಪ್ಪುವುದು, ಫಿಟ್ಸ್ ಬರುವುದು. ಇವು ಕಾಣಿಸಲಿ ಅಂತ ಕಾಯಬೇಡಿ.

ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಇಳಿಯುವಾಗ ಸುಟ್ಟ ಹಾಲು ಹತ್ತುವಾಗ ಇನ್ನೊಮ್ಮೆ ಸುಡುತ್ತದೆ. ಎಚ್ಚರ ಇದ್ದರೆ ಬಾಯಿ ಮುಕ್ಕಳಿಸಿ ಉಗಿಯಲಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಪಕ್ಕಕ್ಕೆ ಮಲಗಿಸಿ. 108ಕ್ಕೆ ಫೋನ್ ಮಾಡಿ. ಇಸಿಜಿ ತೆಗೆಯುವ ಆಸ್ಪತ್ರೆಗೇ ಹೋಗಬೇಕು, ಯಾಕೆಂದರೆ ನೋಡಬೇಕಾದ್ದು ಹೃದಯವನ್ನು. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರಕ್ಕೆ 1800 116 117 ನಂಬರಿನಲ್ಲಿ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕೇಳಬಹುದು, ದುಡ್ಡು ಬೀಳುವುದಿಲ್ಲ.

ಡಾಕ್ಟರಿಗೆ ಹೇಳಬೇಕಾದ್ದು ನಾಲ್ಕು: ಎಲೆಯೋ, ಹಾಲೋ, ಬೇರೋ; ಎಷ್ಟು; ಯಾವಾಗ; ಬೇರೆ ಯಾವ ಮಾತ್ರೆ ನಡೆಯುತ್ತಿದೆ. ಮದ್ದು ಕೊಟ್ಟವರ ಮೇಲಿನ ಮರ್ಯಾದೆಗೋ ಹೆದರಿಕೆಗೋ ಇದನ್ನು ಮುಚ್ಚಿಡುವವರು ಇದ್ದಾರೆ, ನೀವು ಮುಚ್ಚಿಡಬೇಡಿ. ಉಳಿದ ಪುಡಿ, ಸೀಸೆ ಏನಿದ್ದರೂ ಕವರಿನಲ್ಲಿ ಹಾಕಿ ಒಯ್ಯಿರಿ. ಗಿಡ ತೋರಿಸಬೇಕು ಅಂತ ಗಾಬರಿಯಲ್ಲಿ ಹೋಗಿ ಕೊಂಬೆ ಮುರಿಯಬೇಡಿ, ನಿಮ್ಮ ಕಣ್ಣಿಗೂ ಸಿಡಿದೀತು. ಫೋನಿನಲ್ಲಿ ಒಂದು ಫೋಟೋ ತೆಗೆದುಕೊಂಡರೆ ಸಾಕು.